ಅವ್ವನ ದನಿ ದಾಟಿಸಿದ್ದು

ಗಂಟಲಿನ ಆಪರೇಶನ್ ಆದ ಮೇಲೆ ಅವ್ವನಿಗೆ ದನಿ ಉಳಿಯಲಿಲ್ಲ. ಅದಕ್ಕೂ ಮುಂಚೆ, ಸಿಂದಗಿಯ ನನ್ನ ಟೈಪಿಂಗ್ ಅಂಗಡಿಗೆ ಹೊಸ ಮೈಕು ತಂದಾಗ, ಅವಳಿಂದ ಒಂದು ಸೋಬಾನ ಪದ ಹಾಡಿಸಿ ಕಂಪ್ಯೂಟರಿನಲ್ಲಿ ಇಟ್ಟಿದ್ದೆ. ಊರಿನ ಎಷ್ಟೋ ಮದುವೆಗಳಲ್ಲಿ ಹಾಡಿದವಳು ಅವಳು. ಈಗ ತಂಗಿಯ ಮದುವೆ ಬಂದಿತ್ತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ಸುರಗಿಯ ನೂಲು ಸುತ್ತಿ, ನಡುವೆ ಕೂಡಿಸಿ ನೀರು ಹಾಕುವಾಗ ಅವ್ವನ ಪದವೇ ಬೇಕೆಂದು ತಂಗಿ ಹಟ ಹಿಡಿದಿದ್ದಳು.

ಆ ಕಂಪ್ಯೂಟರಿನ ಸೌಂಡ್ ಕಾರ್ಡು ಸುಟ್ಟುಹೋಗಿತ್ತು. ಹಾರ್ಡ್ ಡಿಸ್ಕು ಬೇರೆ ಕಟಕಟ ಎನ್ನತೊಡಗಿತ್ತು. ಹಾಡು ಫ್ಲಾಪಿಯಲ್ಲಿ ಹಿಡಿಸುವಂಥದ್ದಲ್ಲ. ಇಂಡಿ ಊರಿನಿಂದ ತಂದ ಇನ್ನೊಂದು ಹಳೆಯ ಕಂಪ್ಯೂಟರಿಗೆ ವೈರು ಎಳೆದು ದಾಟಿಸುವುದೊಂದೇ ದಾರಿ. ಎರಡಕ್ಕೂ ನೆಟ್‌ವರ್ಕ್ ಕಾರ್ಡು ಕೂಡಿಸಿದೆ. ಆದರೆ ಡ್ರೈವರ್ ಎಂಬ ಪ್ರೋಗ್ರಾಮು ಹಾಕದಿದ್ದರೆ ಕಂಪ್ಯೂಟರಿಗೆ ಆ ಕಾರ್ಡಿನ ಗುರುತೇ ಹತ್ತುವುದಿಲ್ಲ. ಮುದ್ದೇಬಿಹಾಳದ ಗೆಳೆಯನೊಬ್ಬ ಡ್ರೈವರಿನ ಫ್ಲಾಪಿಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಟ್ಟ.

ಡ್ರೈವರೇನೋ ಕೂತಿತು. ಕೂತ ಮೇಲೆ, ಕಂಪ್ಯೂಟರನ್ನು ಆರಿಸಿ ಮತ್ತೆ ಚಾಲೂ ಮಾಡಬೇಕೆಂದು ಪರದೆ ಕೇಳಿತು. ಕಾರ್ಡು ಕೂಡಿಸಲು ಆರಿಸಿದ್ದಾಗಲೇ ಆ ಡಿಸ್ಕು ಕಷ್ಟಪಟ್ಟು ಎದ್ದಿತ್ತು; ಇನ್ನೊಮ್ಮೆ ನಿಂತರೆ ಮತ್ತೆ ತಿರುಗುವ ಭರವಸೆ ಇರಲಿಲ್ಲ. ನಾನು ಮೊದಲೇ ಮುಂಗೋಪಿ, ಹೆದರಿಕೆಯಾದರಂತೂ ಎದುರಿಗಿದ್ದವರ ಮೇಲೆ ಹರಿಹಾಯುತ್ತೇನೆ.

"ಏನಾತೋ ಅಣ್ಣಾ?" ಎಂದಳು ತಂಗಿ.

"ಸುಮ್ಮ ಕುಂಡ್ರು. ಹೋದ್ರ ಎಲ್ಲಾ ಹೋಗತೈತಿ."

ಅವ್ವ ನನ್ನ ಹಿಂದೆಯೇ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಒತ್ತಿದೆ. ಪರದೆ ಕಪ್ಪಾಯಿತು. ಎರಡು ಸಲ ಕಟಕಟ ಎಂದು ಡಿಸ್ಕು ಸುಮ್ಮನಾಯಿತು. ಬಹಳ ಹೊತ್ತಿನ ಮೇಲೆ ಅದು ತೇಕುತ್ತಾ ಎದ್ದಿತು.

ಹಾಡು ದಾಟತೊಡಗಿತು. ನೀಲಿ ಪಟ್ಟಿ ಮುಕ್ಕಾಲಿಗೆ ಬಂದು ನಿಂತುಕೊಂಡಿತು, ಮತ್ತೆ ಸರಿಯಿತು. ಮುಗಿಯಿತು ಎನ್ನುವಷ್ಟರಲ್ಲಿ ಹಾಡು ಇದ್ದ ಕಂಪ್ಯೂಟರು ನಿಂತೇಹೋಯಿತು. ಆಮೇಲೆ ಏನು ಮಾಡಿದರೂ ಏಳಲಿಲ್ಲ.

ಈಚೆಯ ಕಂಪ್ಯೂಟರಿನಲ್ಲಿ ಹಾಡು ಹಚ್ಚಿದೆ. ಅವ್ವನ ದನಿ ಬಂತು. ಒಂದೇ ಸಾಲು. ಮುಂದೆ ಸ್ಪೀಕರಿನಲ್ಲಿ ಬರೀ ಗಾಳಿಯ ಸದ್ದು. ಹೆದರಿ ನಿಲ್ಲಿಸಿಬಿಟ್ಟೆ.

"ಅರ್ಧಕ್ಕ ಕಟ್ ಆತೇನು?" ಎಂದು ತಂಗಿ ಅಳತೊಡಗಿದಳು. ಉಳಿದಿದ್ದ ಒಂದೇ ಒಂದು ದನಿಯನ್ನು ನನ್ನ ಕೈಯಾರೆ ಹಾಳುಮಾಡಿದೆನೆಂದುಕೊಂಡೆ.

ಇನ್ನೊಮ್ಮೆ ಹಚ್ಚಿದೆ. ಮತ್ತೆ ಅದೇ ಸಾಲು, ಅದೇ ಮೌನ. ಮೌಸಿನತ್ತ ಹೋದ ನನ್ನ ಕೈಯನ್ನು ಅವ್ವ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ತಂಗಿಯ ಬೆನ್ನು ತಟ್ಟಿ, ಹೇಳು ಎಂದು ಸನ್ನೆ ಮಾಡಿದಳು.

ಸೋಬಾನದಲ್ಲಿ ಮುಂದಿನವಳು ಒಂದು ಸಾಲು ಹೇಳಿ ಬಿಡುತ್ತಾಳೆ, ಹಿಂದಿನವರು ಅದನ್ನೇ ಹೇಳುತ್ತಾರೆ. ಹಾಡು ತುಂಬಿಸಿಕೊಂಡ ದಿನ ಅವ್ವನನ್ನು ಮೈಕಿನ ಮುಂದೆ ಕೂಡಿಸಿ ನಾನು ಗಿರಾಕಿಯೊಂದಿಗೆ ಹೊರಗೆ ನಿಂತಿದ್ದೆ. ಒಬ್ಬಳೇ ಇದ್ದರೂ ಅವ್ವ ಹಿಂದಿನವರಿಗೆಂದು ಜಾಗ ಬಿಟ್ಟು ಹಾಡಿದ್ದಳು.

ತಂಗಿ ಮೂಗು ಒರೆಸಿಕೊಂಡು, ಆ ಸಾಲು ಹೇಳಿದಳು. ಅವಳದು ಮುಗಿಯುತ್ತಲೇ ಸ್ಪೀಕರಿನಿಂದ ಅವ್ವ ಮುಂದಿನ ಸಾಲು ಎತ್ತಿದಳು.