ಬ್ಯಾಪ್ಟಿಸ್ಟನ ಕೈಗುಣ

ಕಟಪಾಡಿಯ ರೇಮಂಡ್ ಡಾಕ್ಟರ ಕಪ್ಪು ಕಾರು ಬ್ಯಾಪ್ಟಿಸ್ಟನ ಕೈಗಲ್ಲದೆ ಇನ್ನಾರ ಕೈಗೂ ಬಗ್ಗುವುದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಈ ಮಾತನ್ನು ಮೊದಲು ಹೇಳಿದವರು ಯಾರು ಎಂದು ಕೇಳಿದರೆ ಬ್ಯಾಪ್ಟಿಸ್ಟ್ ಬೇರೆ ಸುದ್ದಿ ತೆಗೆಯುತ್ತಿದ್ದ. ಹೇಳಿದವನು ಅವನೇ.

ಯುದ್ಧದ ಕಾಲದಲ್ಲಿ ಸೈನ್ಯದ ಲಾರಿ ಓಡಿಸಿ ಬಂದ ಮನುಷ್ಯ. ಹನ್ನೆರಡು ವರ್ಷದಿಂದ ಡಾಕ್ಟರ ಮನೆಯ ಡ್ರೈವರ್. ಕಾಪುವಿನಿಂದ ಅಜೆಕಾರಿನವರೆಗೆ ಅವನು ಡಾಕ್ಟರನ್ನು ಕರೆದೊಯ್ಯದ ರಸ್ತೆಯಿಲ್ಲ. ಇಗರ್ಜಿಯಲ್ಲಿ ಮದುವೆಯಾದರೆ ವಧು ಆ ಕಾರಿನಲ್ಲೇ ಬರಬೇಕು, ಬ್ಯಾಪ್ಟಿಸ್ಟನೇ ಓಡಿಸಬೇಕು. ಅವನ ಕೈಗುಣ ಒಳ್ಳೆಯದಂತೆ. ಬಿಳಿ ಅಂಗಿ ತೊಟ್ಟು, ಮೀಸೆ ತಿದ್ದಿ, ಪಾದ್ರಿಯವರಿಗಿಂತ ಒಂದು ತೂಕ ಹೆಚ್ಚೇ ಗಂಭೀರವಾಗಿ ಅವನು ಬಾಗಿಲು ತೆರೆಯುತ್ತಿದ್ದ.

ಕೈಗುಣದ ಗುಟ್ಟು ಇಷ್ಟೇ. ಕೀಲಿ ತಿರುಗಿಸುವ ಸ್ವಿಚ್ಚು ಹಿಂದಿನ ವರ್ಷವೇ ಹಾಳಾಗಿತ್ತು. ಕೀಲಿ ತಿರುಗಿಸಿ ಸ್ಟಾರ್ಟರ್ ಎಳೆದರೆ ಎಂಜಿನ್ ಕರಕರ ಸದ್ದು ಮಾಡೀತೇ ಹೊರತು ಹತ್ತಿಕೊಳ್ಳದು. ಕೀಲಿಯನ್ನು ತಿರುಗಿಸಿ, ಹೆಬ್ಬೆರಳಿನಿಂದ ಎಡಕ್ಕೆ ಒತ್ತಿ ಹಿಡಿದರೆ ಮಾತ್ರ ಹತ್ತಿಕೊಳ್ಳುತ್ತಿತ್ತು. ಬ್ಯಾಪ್ಟಿಸ್ಟ್ ಪ್ರಾಮಾಣಿಕನೇ, ಮಂಗಳೂರಿಗೆ ಹೋದಾಗ ಹೊಸ ಸ್ವಿಚ್ಚು ತಂದಿದ್ದ. ಹಾಕಬೇಕು ಎನ್ನುವ ದಿನವೇ ಡಾಕ್ಟರ ಭಾವ ಉಡುಪಿಯಿಂದ ಬಂದು, ಕಾರು ಹೊರಡಿಸಲು ಹೋಗಿ ಬೆವರಿ ಸುಸ್ತಾದರು. ಬ್ಯಾಪ್ಟಿಸ್ಟ್ ಬಂದು ಒಂದೇ ಸಲಕ್ಕೆ ಹೊರಡಿಸಿದ. "ನಮ್ಮ ಗಾಡಿಗೆ ಬ್ಯಾಪ್ಟಿಸ್ಟನ ಕೈಯೇ ಆಗಬೇಕು" ಎಂದು ಡಾಕ್ಟರು ಹೆಮ್ಮೆಯಿಂದ ನಕ್ಕರು. ಹೊಸ ಸ್ವಿಚ್ಚು ಸುತ್ತಿದ ಕಾಗದದ ಸಮೇತ ಅವನ ಮನೆಯ ಬಿಸ್ಕೇಟು ಡಬ್ಬಿ ಸೇರಿತು.

ಆಮೇಲೆ ಡಾಕ್ಟರ ಹೆಂಡತಿ ಕ್ಲಾರಾಬಾಯಿಗೆ ಕಾರು ಕಲಿಯುವ ಆಸೆ ಹುಟ್ಟಿತು. ಮೂರು ದಿನ ಕೀಲಿ ತಿರುಗಿಸಿದರು. "ನಿಮ್ಮ ಕೈ ಅದಕ್ಕೆ ಹಿಡಿಸುವುದಿಲ್ಲ, ಬಾಯಮ್ಮ. ಎಂತ ಮಾಡುವುದು?" ಎಂದು ಬ್ಯಾಪ್ಟಿಸ್ಟ್ ಮರುಕದಿಂದ ಹೇಳಿದ. ಆ ಮರುಕದಲ್ಲಿ ಕಾಲು ಭಾಗವೂ ನಿಜವಿರಲಿಲ್ಲ.

ಹೀಗೆ ನಡೆಯುತ್ತಿದ್ದಾಗ ಶೀನ ಬಂದ. ಮುಂಬಯಿಯ ಮೋಟಾರು ಗ್ಯಾರೇಜಿನಲ್ಲಿ ಹತ್ತು ವರ್ಷ ದುಡಿದು, ಕಟಪಾಡಿಯ ಮೂರು ದಾರಿ ಸೇರುವಲ್ಲಿ ಸೋಗೆಯ ಶೆಡ್ಡು ಹಾಕಿದ. ಮೂವತ್ತು ದಾಟದ ಆಸಾಮಿ, ಮಾತು ಕಡಿಮೆ. ಬಸ್ಸಿನವರು, ಲಾರಿಯವರು ಎಲ್ಲ ಅಲ್ಲಿಯೇ. ಬ್ಯಾಪ್ಟಿಸ್ಟನಿಗೆ ಹೊಟ್ಟೆ ಉರಿಯಿತು. ಸುಮ್ಮನೆ ಉರಿದದ್ದಲ್ಲ, ಊಟ ಸೇರದಷ್ಟು ಉರಿಯಿತು. ಸಾಲದ್ದಕ್ಕೆ ಹೆಂಡತಿ ಎಸ್ತರ್ ಒಂದು ಸಂಜೆ, "ಆ ಶೀನ ಹೊಲಿಗೆ ಮೆಷಿನ್ನು ಸರಿ ಮಾಡಿಕೊಟ್ಟ. ದುಡ್ಡೂ ಮುಟ್ಟಲಿಲ್ಲ, ಎಷ್ಟು ಪಾಪದವ" ಎಂದಳು. ಬ್ಯಾಪ್ಟಿಸ್ಟ್ ಆ ವಾರವಿಡೀ ಗುಂಡಿ ಹರಿದ ಅಂಗಿಯನ್ನೇ ತೊಟ್ಟು ತಿರುಗಿದ, ಆ ಮೆಷಿನ್ನಿನಲ್ಲಿ ಏನನ್ನೂ ಹೊಲಿಯಗೊಡಲಿಲ್ಲ. ಗುಂಡಿಯನ್ನು ಮೆಷಿನ್ನಿನಲ್ಲಲ್ಲ, ಕೈಸೂಜಿಯಲ್ಲಿ ಹಾಕುತ್ತಾರೆಂದು ಅವಳು ಹೇಳಿದರೂ ಕೇಳಲಿಲ್ಲ.

ಅರುವತ್ತನಾಲ್ಕನೇ ಇಸವಿಯ ಜನವರಿಯ ಒಂದು ಬೆಳಿಗ್ಗೆ ಹೆಬ್ಬೆರಳೂ ಕೈಕೊಟ್ಟಿತು. ಎಡಕ್ಕೆ ಒತ್ತಿದ, ಬಲಕ್ಕೆ ಒತ್ತಿದ, ಸಂತ ಅಂತೋನಿಯವರಿಗೆ ಮೇಣದಬತ್ತಿಯ ಹರಕೆ ಹೇಳಿಕೊಂಡ. ಕಾರು ಜಪ್ಪಯ್ಯ ಎನ್ನಲಿಲ್ಲ. ಡಾಕ್ಟರು ಬಸ್ಸು ಹಿಡಿದು ಕಾಪುವಿಗೆ ಹೊರಟವರು, ಹೋಗುತ್ತಾ ಕಾರು ನೋಡಲು ಶೀನನಿಗೆ ಹೇಳಿ ಹೋದರು. ಬ್ಯಾಪ್ಟಿಸ್ಟನನ್ನು ಒಂದು ಮಾತೂ ಕೇಳಲಿಲ್ಲ.

ಶೀನ ಒಂದು ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡು ಬಂದ. ಮೊದಲು ದೀಪ ಹಾಕಿ ನೋಡಿದ, ಪ್ರಕಾಶವಾಗಿ ಉರಿಯಿತು. ಬ್ಯಾಟರಿ ಸರಿ ಉಂಟು ಎಂದಾಯಿತು. ಆಮೇಲೆ ಬಲ್ಬಿನ ಒಂದು ತಂತಿಯನ್ನು ಕಾರಿನ ಮೈಗೆ ಸಿಕ್ಕಿಸಿ, ಇನ್ನೊಂದನ್ನು ಸ್ವಿಚ್ಚಿಗೆ ಕರೆಂಟು ಬರುವಲ್ಲಿ ಮುಟ್ಟಿಸಿದ. ಬಲ್ಬು ಹತ್ತಿತು. ಕೀಲಿ ತಿರುಗಿಸಿ, ಸ್ವಿಚ್ಚಿನಿಂದ ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲಿಗೆ ಹೋಗುವಲ್ಲಿ ಮುಟ್ಟಿಸಿದ. ಹತ್ತಲಿಲ್ಲ. ಕೇಡು ಸ್ವಿಚ್ಚಿನಲ್ಲೇ ಎಂದಾಯಿತು. ಇಷ್ಟು ನೋಡಲು ಐದು ನಿಮಿಷ ಸಾಕಾಯಿತು. ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಕ್ಲಾರಾಬಾಯಿಯಿಂದ ಒಂದಿಷ್ಟು ಬಾಳೆನಾರು ಕೇಳಿ ಪಡೆದ. ಬ್ಯಾಟರಿಯ ತಂತಿ ಬಿಡಿಸಿಟ್ಟು, ದೀಪಕ್ಕೂ ಎಂಜಿನ್ನಿಗೂ ಒಂದೇ ಆಗಿದ್ದ ಸ್ವಿಚ್ಚಿನ ನಾಲ್ಕು ತಂತಿಗಳನ್ನು ಕಳಚುತ್ತಾ, ಗುರುತಿಗೆಂದು ಒಂದಕ್ಕೆ ಒಂದು ಗಂಟು, ಮತ್ತೊಂದಕ್ಕೆ ಎರಡು, ಹೀಗೆ ನಾಲ್ಕರವರೆಗೆ ನಾರು ಕಟ್ಟಿದ.

ಕಳಚಿದ ಸ್ವಿಚ್ಚನ್ನು ಬಿಚ್ಚಿ, ಒಳಗಿನ ಹಿತ್ತಾಳೆ ತಗಡನ್ನು ಬೆಳಕಿಗೆ ಹಿಡಿದ. ಅದು ಒಂದೇ ಕಡೆಗೆ ಒತ್ತಿ ಒತ್ತಿ ಬಾಗಿ ಸವೆದಿತ್ತು.

"ಇದು ನಿನ್ನೆ ಮೊನ್ನೆ ಹಾಳಾದದ್ದಲ್ಲ, ಪೊರ್ಬುಗಳೇ" ಎಂದು ಬ್ಯಾಪ್ಟಿಸ್ಟನಿಗೆ, ಊರವರು ಕ್ರೈಸ್ತರನ್ನು ಕರೆಯುವ ಮರ್ಯಾದೆಯ ಹೆಸರಿನಲ್ಲೇ, ಮೆಲ್ಲಗೆ ಹೇಳಿದ. "ನಾಳೆ ಮಂಗಳೂರಿನಿಂದ ಹೊಸದು ತರುತ್ತೇನೆ."

ಮರುದಿನ ಇಗರ್ಜಿಯ ಬೆಳಗಿನ ಪೂಜೆ ಮುಗಿದದ್ದೇ ಬ್ಯಾಪ್ಟಿಸ್ಟ್ ಬಿಸ್ಕೇಟು ಡಬ್ಬಿ ತೆಗೆದ. ಶೀನ ಹಿಂತಿರುಗುವ ಮೊದಲು ಕಾರು ಹೊರಡಲೇಬೇಕು, ಅದೂ ತನ್ನ ಕೈಯಿಂದಲೇ. ಡಾಕ್ಟರ ಅಂಗಳಕ್ಕೆ ಬಂದು ಸ್ವಿಚ್ಚನ್ನು ಕಾಗದದಿಂದ ಬಿಡಿಸಿದ. ತಂತಿಗಳಲ್ಲಿ ಶೀನನ ಬಾಳೆನಾರು ನೇತಾಡುತ್ತಿತ್ತು. ಅದನ್ನು ನೋಡಿದ್ದೇ ಅವನ ಮೈ ಉರಿಯಿತು. ಹನ್ನೆರಡು ವರ್ಷ ಓಡಿಸಿದ ಕಾರಿನ ತಂತಿ ಯಾವುದೆಂದು ನಿನ್ನೆ ಬಂದವನ ಗಂಟು ಎಣಿಸಿ ತಿಳಿಯಬೇಕೇ? ಕತ್ತಿಯಿಂದ ನಾಲ್ಕು ನಾರುಗಳನ್ನೂ ಕೊಯ್ದು ಬಿಸಾಡಿದ. ನೆನಪಿನ ಬಲದ ಮೇಲೆ ತಂತಿ ಸಿಕ್ಕಿಸಿ, ಸ್ವಿಚ್ಚು ಬಿಗಿದು, ಬ್ಯಾಟರಿ ಜೋಡಿಸಿ, ಡಾಕ್ಟರನ್ನೂ ಕ್ಲಾರಾಬಾಯಿಯನ್ನೂ ಅಂಗಳಕ್ಕೆ ಕರೆದ.

ಕೀಲಿ ತಿರುಗಿಸಿದ. ಒಂಬತ್ತು ಗಂಟೆಯ ಬಿಸಿಲಿನಲ್ಲಿ ಮುಂದಿನ ಎರಡು ದೀಪಗಳು ಝಗ್ಗೆಂದು ಹತ್ತಿಕೊಂಡವು. ಸ್ಟಾರ್ಟರ್ ಎಳೆದ. ಕರಕರ ಸದ್ದಾಯಿತು, ಅಷ್ಟೇ.

ಕ್ಲಾರಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಬ್ಯಾಪ್ಟಿಸ್ಟ್ ತಂತಿ ಅದಲು ಬದಲು ಮಾಡಿ ಮತ್ತೆ ತಿರುಗಿಸಿದ. ಈಗ ದೀಪವೂ ಇಲ್ಲ. ಹೀಗೆ ಎರಡು ಗಂಟೆ ಹೆಣಗಾಡಿ, ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿ ಅವನು ನಿಂತಿರುವಾಗ ಶೀನ ಬಸ್ಸಿಳಿದು ಬಂದ. ಏನೂ ಕೇಳದೆ ಒಳಗೆ ಬಗ್ಗಿ, ಬಲ್ಬು ಮುಟ್ಟಿಸಿ, ತಂತಿಗಳನ್ನು ಅವುಗಳ ಜಾಗಕ್ಕೆ ಹಾಕಿದ.

ಅಷ್ಟರಲ್ಲಿ ಡಾಕ್ಟರು ನೆಲದ ಮೇಲೆ ಬಿದ್ದಿದ್ದ ಕಾಗದವನ್ನು ಎತ್ತಿಕೊಂಡಿದ್ದರು. ಮಂಗಳೂರಿನ ಒಂದು ಪತ್ರಿಕೆಯ ಹಾಳೆ. ಕನ್ನಡಕ ಏರಿಸಿ ಓದಿದರು.

"ಬ್ಯಾಪ್ಟಿಸ್ಟ್, ಇದು ಹೋದ ವರ್ಷದ ಜನವರಿಯ ಪೇಪರು ಅಲ್ವಾ? ಈ ಸ್ವಿಚ್ಚು ನಿನಗೆ ಯಾವಾಗ ಸಿಕ್ಕಿತು?"

ಬ್ಯಾಪ್ಟಿಸ್ಟ್ ಕಾರಿನ ಬಾಗಿಲನ್ನು ಅಂಗಿಯ ತೋಳಿನಿಂದ ಒರೆಸತೊಡಗಿದ. ಮೂರು ದಿನ ಕೀಲಿ ತಿರುಗಿಸಿದ್ದ ಕ್ಲಾರಾಬಾಯಿ ಅವನ ಮುಖವನ್ನೇ ನೋಡುತ್ತಿದ್ದರು.

"ನಾನು ಕೊಟ್ಟದ್ದು, ಡಾಕ್ಟ್ರೇ" ಎಂದ ಶೀನ, ತಲೆ ಹೊರಗೆ ಹಾಕದೆ. "ಮುಂಬಯಿಯಿಂದ ಬರುವಾಗ ಮಂಗಳೂರಿನಲ್ಲಿ ಕೊಂಡದ್ದು, ಶೆಡ್ಡಿನಲ್ಲಿ ಬಿದ್ದಿತ್ತು. ನೆನಪಾಗಿ ಪೊರ್ಬುಗಳಿಗೆ ಕೊಟ್ಟೆ."

"ಹಾಗಾದರೆ ನಿನ್ನ ಸ್ವಿಚ್ಚು, ನಿನ್ನ ಕೆಲಸ" ಎಂದರು ಡಾಕ್ಟರು. "ಒಳ್ಳೆ ಕೈ ಮಾರಾಯ ನಿನ್ನದು."

ಬ್ಯಾಪ್ಟಿಸ್ಟನಿಗೆ ಬದುಕಿದೆ ಎನಿಸಿತು. ಮರುಕ್ಷಣವೇ ಹಾಳಾದೆ ಎನಿಸಿತು. ಸ್ವಿಚ್ಚು ತನ್ನದು, ಹುಡುಕಿ ತಂದವನು ತಾನು. ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಶೀನ ಚಾಡಿ ಹೇಳಿದ್ದರೆ ಅವನನ್ನು ಸಾಯುವವರೆಗೆ ಬೈದುಕೊಂಡಾದರೂ ಇರಬಹುದಿತ್ತು. ಈಗ ಅದಕ್ಕೂ ಕಲ್ಲು ಬಿತ್ತು.

"ಬಾಯಮ್ಮ, ನೀವೇ ಒಮ್ಮೆ ನೋಡಿ" ಎಂದು ಶೀನ ಬದಿಗೆ ಸರಿದ.

ಕ್ಲಾರಾಬಾಯಿ ಸೀಟಿನಲ್ಲಿ ಕುಳಿತು, ಮಲ್ಲಿಗೆಯ ವಾಸನೆಯ ಎರಡು ಬೆರಳುಗಳಿಂದ ಕೀಲಿ ತಿರುಗಿಸಿ ಸ್ಟಾರ್ಟರ್ ಎಳೆದರು. ಕಾರು ಒಂದೇ ಸಲಕ್ಕೆ ಹೊರಟಿತು. ಶೀನ ತಾನು ತಂದ ಹೊಸ ಸ್ವಿಚ್ಚಿನ ಪೊಟ್ಟಣವನ್ನು ಯಾರಿಗೂ ಕಾಣದಂತೆ ಬ್ಯಾಪ್ಟಿಸ್ಟನ ಕೈಯಲ್ಲಿಟ್ಟು, "ನಿಮ್ಮದಕ್ಕೆ ಬದಲು" ಎಂದು ಹೇಳಿ ಹೋದ.

ಆ ಪೊಟ್ಟಣವನ್ನು ಬ್ಯಾಪ್ಟಿಸ್ಟ್ ಕೊನೆಯವರೆಗೂ ಬಿಚ್ಚಲಿಲ್ಲ, ಬಿಸಾಡಲೂ ಇಲ್ಲ.