ಅರಿಶಿನ ಕುಡಿದ ಈಜಿಪ್ಟಿನ ಮಣಿಗಳು

ಗಂಗಕ್ಕಾ, ಆ ನೀಲಿ ಮಣಿಗಳನ್ನು ಹಾಳು ಮಾಡಿದ್ದು ನೀವಲ್ಲ, ನಾನು. ಏಳು ವರ್ಷ ಬಾಯಿ ಹೊಲಿದುಕೊಂಡು ಕೂತ ನನ್ನ ಮೇಲೆ ನನಗೇ ಎಷ್ಟು ಸಿಟ್ಟಿದೆ ಎಂದರೆ — ಇರಲಿ, ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

ದುಬೈ ಮೆಟ್ರೋ ಶುರುವಾಗಿ ಆಗಿನ್ನೂ ಎರಡು ವರ್ಷ. ಅಲ್ ಬರ್ಷಾದ ಆ ಪುರಾತನ ಆಭರಣಗಳ ಅಂಗಡಿಯಲ್ಲಿ ನಾವಿಬ್ಬರೂ ಒಂದೇ ಮೇಜಿಗೆ ಕೂತು ಹಾರ ಪೋಣಿಸುತ್ತಿದ್ದೆವು. ಒಮ್ಮೆ ಈಜಿಪ್ಟಿನ ಫೇಯನ್ಸ್ ಮಣಿಗಳು ಬಂದವು — ಬಿಳಿ ಮರಳಿನ ಪುಡಿಯನ್ನು ಸುಟ್ಟು, ನೀಲಿ ಹೊಳಪು ಬರಿಸಿದವು, ಸಾವಿರಾರು ವರ್ಷ ಹಳೆಯವು. “ಗೋರಿಯೊಳಗೆ ಹೆಣದ ಕೊರಳಲ್ಲಿದ್ದ ಸರ” ಎಂದು ಮ್ಯಾನೇಜರ್ ಜಂಬದಿಂದ ಹೇಳಿದಾಗ ನನ್ನ ಮೈ ಜುಮ್ಮೆಂದಿತು. ಉಡುಪಿಯಲ್ಲಿ ನನ್ನ ಅಮ್ಮ ಕರಿಮಣಿಯನ್ನೂ ಅರಿಶಿನ ನೀರಿಗೆ ಅದ್ದಿಯೇ ಪೋಣಿಸುತ್ತಿದ್ದರು. ಹೆಣದ ಮೈಮೇಲಿನದನ್ನು ಹಾಗೆಯೇ ಮುಟ್ಟುವುದೇ? ಮರುದಿನ ನೀವು ಬರುವ ಮೊದಲೇ ಬಟ್ಟಲಲ್ಲಿ ಅರಿಶಿನ ಕಲಸಿ ಮಣಿಗಳನ್ನು ಮುಳುಗಿಸಿದೆ. ಹೊಳಪು ಸವೆದಲ್ಲೆಲ್ಲ ಅವು ಬಣ್ಣ ಕುಡಿದವು. ಎಷ್ಟು ತೊಳೆದರೂ ಹಳದಿ ಹೋಗಲಿಲ್ಲ. ಒರೆಸಿ ತಟ್ಟೆಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿದೆ.

ಮಧ್ಯಾಹ್ನ ಊಟವಾದ ಮೇಲೆ ಮ್ಯಾನೇಜರ್ ಬಟ್ಟೆ ಸರಿಸಿ ಹಳದಿ ಕಲೆ ನೋಡಿದ. ಒಂದು ಮಾತು ಕೇಳಬಾರದೇ ಆ ಪುಣ್ಯಾತ್ಮ? ಮೇಜಿನ ಪಕ್ಕ ನಿಮ್ಮ ಊಟದ ಡಬ್ಬಿ ಇತ್ತು, ಕಲೆ ಅದರೊಳಗಿನ ಪಲ್ಯದ್ದೇ ಎನ್ನಲು ಅವನಿಗೆ ಅಷ್ಟೇ ಸಾಕಾಯಿತು. ಇಡೀ ಸರಕ್ಕೆ ಯಾರಾದರೂ ಪಲ್ಯ ಬಳಿಯುತ್ತಾರೆಯೇ?

“ಇಲ್ಲಿ ಕೂತು ತಿಂತೀಯಾ? ಖಲಾಸ್! ನಾಳೆಯಿಂದ ಬರಬೇಡ” ಎಂದು ಹಿಂದಿಯಲ್ಲಿ ಕೂಗಿದ.

ನೀವು ನನ್ನ ಕಡೆ ತಿರುಗಿದಿರಿ. “ಹೇಳವ್ವಾ ಸುಧಾ, ನಾವಿಬ್ರೂ ಹೊರಗ ಕುಂತು ಉಂಡಿಲ್ಲೇನು?”

ಉಂಡಿದ್ದೆವು. ನಿಮ್ಮ ರೊಟ್ಟಿ, ಎಣ್ಣೆಗಾಯಿ ಇನ್ನೂ ನನ್ನ ಹೊಟ್ಟೆಯಲ್ಲೇ ಇತ್ತು. ಆದರೂ — “ನಾನು ನೋಡ್ಲಿಲ್ಲ” ಅಂದೆ.

ನನ್ನ ವೀಸಾ ಹೋದೀತೆಂದು ಹೆದರಿದ್ದೆ. ನಿಮ್ಮದರ ಯೋಚನೆ ಬರಲಿಲ್ಲ ಎಂದರೆ ಅದೂ ಸುಳ್ಳು, ಬಂದಿತ್ತು. ತಿಂಗಳೊಳಗೆ ನೀವು ಮಾಡದ ತಪ್ಪು ಹೊತ್ತು ಹುಬ್ಬಳ್ಳಿಗೆ ಹೋದಿರಿ. ಗೋರಿಯಿಂದ ಬಂದದ್ದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುವವನಿಗೆ ನಿಮ್ಮ ಡಬ್ಬಿ ಹೊಲಸು! ನನಗೋ ಸತ್ತವರು ಮೈಲಿಗೆ! ಛೀ — ಅದೇ ಮೇಜಿನಲ್ಲಿ ಮತ್ತೆ ನಾಲ್ಕು ವರ್ಷ ಕೂತೆನಲ್ಲ ನಾನು...

ಕಳೆದ ವಾರ ಇಲ್ಲೇ ದುಬೈನ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನಿಮ್ಮ ತಂಗಿ ಸಿಕ್ಕಳು. “ಅಕ್ಕ ಈಗ್ಲೂ ಅಂತಾಳ್ರೀ, ಸುಧಾ ಖರೇನ ನೋಡಿರ್ಲಿಕ್ಕಿಲ್ಲ, ಸುಳ್ಳು ಹೇಳೋ ಹುಡುಗಿ ಅಲ್ಲ ಅಂತ” ಅಂದಳು. ಅಲ್ಲೇ ಕೆನ್ನೆಗೆ ಬಾರಿಸಿಕೊಳ್ಳಬೇಕೆನಿಸಿತು. ಆಗಲೂ ಬಾಯಿ ಬಿಡಲಿಲ್ಲ, ನೋಡಿ.

ಮ್ಯಾನೇಜರನಿಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಈ ಕಾಗದವನ್ನು ಫೋನಿನಲ್ಲಿ ನಿಮ್ಮ ತಂಗಿಗೂ ಓದಿ ಹೇಳಿ. ನನ್ನ ಪರವಾಗಿ ಇನ್ನು ಯಾರ ಹತ್ತಿರವೂ ಮಾತಾಡಬೇಡಿ ಗಂಗಕ್ಕಾ.