ದೇವರ ಪಾಳಿ

ಚಿಕ್ಕವೆಂಕಟಪ್ಪನಂಥ ಪುಕ್ಕಲನನ್ನು ನಾನು ಬೇರೆ ಕಂಡಿಲ್ಲ. ಕಾಮಸಮುದ್ರದ ಕಡೆಯವನು. ಚಿನ್ನದ ಗಣಿಯಲ್ಲಿ ಸುರಂಗದ ಸೂರು ಕುಸಿಯದಂತೆ ಮರದ ಕಂಬ ಕೊಡುವ ಕೆಲಸ. ಕೇಜಿನಲ್ಲಿ ನಿಂತು ಪಾತಾಳಕ್ಕೆ ಇಳಿಯುವಾಗ ದಿನವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದನಂತೆ. ಆದರೆ ಭಾನುವಾರ ಮಧ್ಯಾಹ್ನ ಆಂಡರ್ಸನ್‌ಪೇಟೆಯ ದರ್ಜಿ ಕದಿರಪ್ಪನವರ ಜಗಲಿಗೆ, ಕಂಜಿರ ಹಿಡಿದು ಎಲ್ಲರಿಗಿಂತ ಮೊದಲು ಬರುತ್ತಿದ್ದವನು ಅವನೇ.

ನಮ್ಮ ಮೂವರ ಮೇಳದಲ್ಲಿ ಹಾಡು ಗೊತ್ತುಮಾಡಿಕೊಂಡು ಕೂರುವ ಪದ್ಧತಿ ಇರಲಿಲ್ಲ. ಕದಿರಪ್ಪನವರು ಪಿಟೀಲಿನಲ್ಲಿ ಏನೋ ಎಳೆಯುವರು. ಅದನ್ನು ಕೇಳಿಸಿಕೊಂಡು ನಾನು ಘಟದಲ್ಲಿ, ಅವನು ಕಂಜಿರದಲ್ಲಿ, ಆಗ ತೋಚಿದ್ದನ್ನು ಸೇರಿಸುವೆವು. ಹೀಗೆ ನುಡಿಸುತ್ತಾ ಮೂವರೂ ತಾವಾಗಿ ನಿಂತುಬಿಡುವ ಗಳಿಗೆಯೊಂದು ಬರುತ್ತಿತ್ತು. ಆಗ ಕೆಮ್ಮುವಂತೆಯೂ ಇಲ್ಲ. ನಮ್ಮ ಪಾಳಿ ಮುಗಿಯಿತು, ಇದು ದೇವರ ಪಾಳಿ, ಸುಮ್ಮನೆ ಕೇಳಿ ಎನ್ನುವರು ಕದಿರಪ್ಪನವರು. ಚಿಕ್ಕವೆಂಕಟಪ್ಪನ ಮುಖದಲ್ಲಿ ಭಯ ಕಾಣದಿರುತ್ತಿದ್ದುದು ಆಗ ಮಾತ್ರ.

ಐವತ್ತೇಳನೇ ಇಸವಿಯಲ್ಲಿ ಒಂದು ದಿನ, ಗಣಿಯ ಆಳದಲ್ಲಿ ಸದಾ ಕಟಕಟ ಎನ್ನುವ ಬಂಡೆ ಒಮ್ಮೆಲೇ ಸುಮ್ಮನಾಯಿತು. ಹಾಗಾದರೆ ಅದು ಸಿಡಿಯುತ್ತದೆ, ಓಡಬೇಕು ಎಂದು ಗಣಿಯವರಿಗೆಲ್ಲ ಗೊತ್ತು. ಅಭ್ಯಾಸಬಲ ನೋಡಿ, ಇವನು ಕಣ್ಣು ಮುಚ್ಚಿ ಕೇಳುತ್ತಾ ನಿಂತ. ಯಾರನ್ನೂ ಕೂಗಿ ಎಚ್ಚರಿಸಲಿಲ್ಲ. ಮರುಗಳಿಗೆ ಬಂಡೆ ಸಿಡಿದು, ಪಕ್ಕದಲ್ಲಿದ್ದ ಮುನಿಶಾಮಿ ಅದರಡಿ ಸತ್ತ.

ಅಂದಿನಿಂದ ಸದ್ದಿಲ್ಲದ ಕಡೆ ಅವನಿಗೆ ಉಸಿರು ಕಟ್ಟುತ್ತಿತ್ತು. ಬಂಗಾರಪೇಟೆ ಸ್ಟೇಷನ್ನಿನ ಗದ್ದಲದಲ್ಲಿ ಹೋಗಿ ಕೂರುವನು. ರೈಲು ಹೊರಟು ಪ್ಲಾಟ್‌ಫಾರಂ ಖಾಲಿಯಾದರೆ ಎದ್ದು ಓಡುವನು. ಕಂಜಿರ ಮುಟ್ಟದೆ ತಿಂಗಳುಗಳಾದವು. "ನಿಮ್ ಜತೆ ಕೂತ್ರೇನಾರ ಸರಿಯೋಗ್ತಾನೇನೋ ಅಣ್ಣಾ, ಇಲ್ಲಾಂದ್ರೆ ಮನುಷ್ಯ ಉಳಿಯಲ್ಲ," ಎಂದು ಹೆಂಡತಿ ನರಸಮ್ಮ ಅತ್ತಳು. ನಾನೇ ಕೈಹಿಡಿದು ಜಗಲಿಗೆ ಕರೆತಂದೆ.

ಚೆನ್ನಾಗಿಯೇ ನುಡಿಸಿದ. ಆಮೇಲೆ ಎಂದಿನಂತೆ ಎಲ್ಲರೂ ನಿಂತೆವು. ಅವನ ಕಂಜಿರ ನೆಲಕ್ಕೆ ಬಿತ್ತು.

"ನಿಲ್ಲಿಸ್ಬ್ಯಾಡ್ರಣ್ಣೋ! ಬೀಳ್ತದೆ, ಮೇಲಿಂದ ಬೀಳ್ತದೆ!"

ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡ. ಸುಳ್ಳೇಕೆ ಹೇಳಲಿ, ನಾನೂ ಹೆದರಿ ಸೂರು ನೋಡಿದೆ.

ಕದಿರಪ್ಪನವರು ಪಿಟೀಲು ಕೆಳಗಿಟ್ಟು, ಮೂಲೆಯಲ್ಲಿದ್ದ ಶ್ರುತಿಪೆಟ್ಟಿಗೆ ಎಳೆದುಕೊಂಡು ಒತ್ತತೊಡಗಿದರು. "ನಿಲ್ಸಲ್ಲ ಕಣ್ಲಾ. ಕೂತ್ಕೋ."

"ದೇವ್ರ ಪಾಳಿ ಗತಿ ಏನಣ್ಣಾ?" ಎಂದೆ ನಾನು.

"ದೇವ್ರು ಬ್ಯಾರೆ ಕಡೆ ಓಗ್ಲಿ. ಇವ್ನು ಎಲ್ಲಿಗೆ ಓಗ್ತಾನ್ಲಾ?"

ಚಿಕ್ಕವೆಂಕಟಪ್ಪ ಮತ್ತೆ ಕಂಜಿರ ಎತ್ತಿಕೊಂಡ. ಕದಿರಪ್ಪನವರು ಸಾಯುವ ತನಕ ಒಂದು ಭಾನುವಾರವೂ ಪಿಟೀಲು ಮುಟ್ಟಲಿಲ್ಲ, ಪೆಟ್ಟಿಗೆ ಒತ್ತುತ್ತಲೇ ಇದ್ದರು.